ಕಡಿಮೆ ಹಣಕ್ಕೆ ರಿವಾಲ್ವರ್: ತಯಾರಕ ಉಳಿಸಿದ್ದು ಎಲ್ಲಿ?

ಅಮೆರಿಕದ ಬಂದೂಕು ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟಿರುವ ರಿವಾಲ್ವರುಗಳ ಬೆಲೆ ಸುಮಾರು 150 ಡಾಲರಿನಿಂದ ಆರಂಭವಾಗಿ 1,500 ಡಾಲರನ್ನೂ ದಾಟುತ್ತದೆ. ನೋಟಕ್ಕೆ ಎಲ್ಲವೂ ಒಂದೇ ಬಗೆಯವು: ಒಂದು ಹಿಡಿ, ಒಂದು ನಳಿಗೆ, ಇವೆರಡರ ನಡುವೆ ಐದೋ ಆರೋ ಕಾಡತೂಸುಗಳನ್ನು ತನ್ನ ಕುಳಿಗಳಲ್ಲಿ ಇಟ್ಟುಕೊಂಡು ತಿರುಗುವ ಉರುಳೆ, ಅಂದರೆ ಸಿಲಿಂಡರ್. ಹತ್ತು ಪಟ್ಟಿನ ಈ ಅಂತರದಲ್ಲಿ ಎಷ್ಟು ಭಾಗ ಹೊಳಪಿಗೂ ಹೆಸರಿಗೂ ಸಲ್ಲುತ್ತದೆ, ಎಷ್ಟು ಭಾಗ ಆಯುಧವನ್ನು ಹಿಡಿದವರ ಬೆರಳು ಮತ್ತು ಕಣ್ಣಿನ ಸುರಕ್ಷತೆಗೆ ಸಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡದೆ ಕೊಳ್ಳುವವರು ಬೇಡದ್ದಕ್ಕೆ ಹಣ ತೆರುತ್ತಾರೆ, ಇಲ್ಲವೆ ಬೇಕಾದದ್ದನ್ನೇ ಕಳೆದುಕೊಳ್ಳುತ್ತಾರೆ. ಮನೆಯ ರಕ್ಷಣೆಗೆ ಅಥವಾ ಗುರಿ ಅಭ್ಯಾಸಕ್ಕೆ ಒಂದು ರಿವಾಲ್ವರ್ ಬೇಕೆಂದು ನಿರ್ಧರಿಸಿ, ಅದಕ್ಕಾಗಿ 400 ಅಥವಾ 500 ಡಾಲರಿಗಿಂತ ಹೆಚ್ಚು ತೆಗೆದಿಡಲಾಗದ ಸಾಮಾನ್ಯ ಕುಟುಂಬಕ್ಕೆ ಈ ವಿವೇಚನೆಯ ಅಗತ್ಯ ಎಲ್ಲರಿಗಿಂತ ಹೆಚ್ಚು, ಏಕೆಂದರೆ ಒಮ್ಮೆ ತಪ್ಪು ಆಯ್ಕೆ ಮಾಡಿದರೆ ಮತ್ತೊಂದನ್ನು ಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ.

ಅಗ್ಗದ ರಿವಾಲ್ವರಿನ ಇತಿಹಾಸ ಆರಂಭವಾಗುವುದು ಒಂದು ಪೇಟೆಂಟಿನ ಅವಧಿ ಮುಗಿದ ಮೇಲೆ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರಿನಲ್ಲಿ ಮದ್ದನ್ನೂ ಗುಂಡನ್ನೂ ಬಿಡಿಬಿಡಿಯಾಗಿ ತುಂಬಬೇಕಾಗಿತ್ತು. ಮದ್ದು, ಗುಂಡು, ಕಿಡಿ ಹೊತ್ತಿಸುವ ರಾಸಾಯನಿಕ ಮೂರೂ ಒಂದೇ ಲೋಹದ ಕೊಳವೆಯಲ್ಲಿರುವ ಕಾಡತೂಸನ್ನು ಹಿಂಬದಿಯಿಂದ ಸೇರಿಸಲು ಅನುವಾಗುವಂತೆ ಆರಪಾರ ಕೊರೆದ ಉರುಳೆಯ ಪೇಟೆಂಟನ್ನು 1855ರಲ್ಲಿ ಪಡೆದವನು ರೋಲಿನ್ ವೈಟ್, ಅದರ ಬಳಕೆಯ ಹಕ್ಕನ್ನು ಪಡೆದದ್ದು ಸ್ಮಿತ್ ಅಂಡ್ ವೆಸನ್ ಕಂಪನಿ. 1869ರಲ್ಲಿ ಆ ಪೇಟೆಂಟಿನ ಅವಧಿ ಮುಗಿದೊಡನೆ ಹಲವಾರು ಸಣ್ಣ ಕಾರ್ಖಾನೆಗಳು ಕೆಲವೇ ಡಾಲರುಗಳಿಗೆ ಸಿಗುವ ಕಿರು ರಿವಾಲ್ವರುಗಳನ್ನು ಮಾರುಕಟ್ಟೆಗೆ ಸುರಿದವು. ಸಂಗ್ರಾಹಕರು ಅವನ್ನು ‘ಸೂಸೈಡ್ ಸ್ಪೆಷಲ್’ ಎಂಬ ನಿಷ್ಠುರ ಹೆಸರಿನಿಂದ ಇಂದಿಗೂ ಗುರುತಿಸುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಅವುಗಳ ಜಾಗಕ್ಕೆ ಬಂದ, ಸತುವಿನ ಮಿಶ್ರಲೋಹದಲ್ಲಿ ಎರಕಹೊಯ್ದ ಕಳಪೆ ಆಯುಧಗಳಿಗೆ ‘ಸ್ಯಾಟರ್ಡೇ ನೈಟ್ ಸ್ಪೆಷಲ್’ ಎಂಬ ಹೆಸರು ಅಂಟಿಕೊಂಡಿತು. 1968ರ ಗನ್ ಕಂಟ್ರೋಲ್ ಕಾಯ್ದೆ ಇಂತಹ ಸಣ್ಣ ಆಯುಧಗಳ ಆಮದನ್ನು ತಡೆಯಿತಾದರೂ ಬಿಡಿಭಾಗಗಳ ಆಮದನ್ನು ತಡೆಯದ ಕಾರಣ, ಜರ್ಮನಿಯ ರೋಮ್ ಕಂಪನಿಯ ಮಾದರಿಗಳು ಮಯಾಮಿ ನಗರದಲ್ಲಿ ಜೋಡಣೆಗೊಂಡು ಮಾರಾಟವಾಗತೊಡಗಿದವು. 1981ರ ಮಾರ್ಚ್ 30ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಮೇಲೆ ದಾಳಿ ನಡೆದದ್ದು ಇಂತಹುದೇ ಒಂದು ಆರ್‌ಜಿ-14 ರಿವಾಲ್ವರಿನಿಂದ. ಅಂದು ತಲೆಗೆ ಗುಂಡು ತಗುಲಿ ಬಾಳಿನುದ್ದಕ್ಕೂ ಅಂಗವಿಕಲರಾಗಿ ಉಳಿದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ಹೆಸರಿನಲ್ಲಿಯೇ 1993ರಲ್ಲಿ ಕೊಳ್ಳುವವರ ಹಿನ್ನೆಲೆ ತಪಾಸಣೆಯ ಕಾಯ್ದೆ ಅಂಗೀಕಾರವಾಯಿತು.

ಈ ಇತಿಹಾಸ ಇಲ್ಲಿ ಬೇಕಾದದ್ದು ಒಂದು ತಾಂತ್ರಿಕ ಕಾರಣಕ್ಕಾಗಿ. ಇಲಿನಾಯ್ ಮತ್ತು ಸೌತ್ ಕೆರೋಲಿನಾ ರಾಜ್ಯಗಳು ಕಳಪೆ ಆಯುಧಗಳನ್ನು ತಡೆಯಲು ಕಂಡುಕೊಂಡ ಅಳತೆಗೋಲು ಬೆಲೆಯದಾಗಿರಲಿಲ್ಲ, ಲೋಹ ಕರಗುವ ತಾಪದ್ದಾಗಿತ್ತು: 800 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 427 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕರಗುವ ಲೋಹದ ಚೌಕಟ್ಟುಳ್ಳ ಕೈಬಂದೂಕನ್ನು ಅಲ್ಲಿನ ವ್ಯಾಪಾರಿಗಳು ಮಾರುವಂತಿಲ್ಲ. ಸತು ಸುಮಾರು 420 ಡಿಗ್ರಿಯಲ್ಲಿ ಕರಗುತ್ತದೆ, ಉಕ್ಕಿಗೆ 1,400 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಚೌಕಟ್ಟು, ಎಂದರೆ ನಳಿಗೆ, ಉರುಳೆ, ಹಿಡಿಗಳನ್ನು ಒಂದಾಗಿ ಬಂಧಿಸುವ ಮುಖ್ಯ ಅಂಗ, ಯಾವ ಲೋಹದ್ದು ಎಂಬ ಪ್ರಶ್ನೆಯನ್ನು ಆದ್ದರಿಂದ ಎಲ್ಲಕ್ಕಿಂತ ಮೊದಲು ಕೇಳಬೇಕಾಗುತ್ತದೆ. ಇಂದಿಗೂ ಅತ್ಯಂತ ಅಗ್ಗದ ರಿವಾಲ್ವರುಗಳಲ್ಲಿ ಒಂದಾದ ಹೆರಿಟೇಜ್ ಕಂಪನಿಯ ರಫ್ ರೈಡರ್‌ನ ಚೌಕಟ್ಟು ಸತುವಿನ ಮಿಶ್ರಲೋಹದ್ದೇ ಆದರೂ, ಅದು ಸಿಡಿಸುವುದು ಒತ್ತಡ ಕಡಿಮೆಯಿರುವ .22 ಅಳತೆಯ ಸಣ್ಣ ಕಾಡತೂಸನ್ನಾದ್ದರಿಂದ, ಗುರಿಕಟ್ಟುವ ಅಭ್ಯಾಸಕ್ಕೆ ಅದು ತಕ್ಕ ಆಯುಧ. ಅದೇ ಲೋಹ .38ರಂತಹ ದೊಡ್ಡ ಅಳತೆಯಲ್ಲಿ ಕಂಡುಬಂದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಅದನ್ನು ಕೊಳ್ಳದಿರುವುದೇ ಸರಿ.

ಲೋಹದಲ್ಲಿ ಮಾಡುವ ಉಳಿತಾಯವೆಲ್ಲವೂ ಕೆಟ್ಟದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಉಕ್ಕಿನ ಗಟ್ಟಿಯನ್ನು ಬಡಿದು, ಬಳಿಕ ಯಂತ್ರದಲ್ಲಿ ಕೊರೆದು ಚೌಕಟ್ಟು ಮಾಡುವ ಹಳೆಯ ಕ್ರಮದಲ್ಲಿ ಲೋಹದ ಬಹುಭಾಗ ಹೊಟ್ಟಾಗಿ ಹೋಗುತ್ತಿತ್ತು, ಕುಶಲ ಕೆಲಸಗಾರರ ಗಂಟೆಗಟ್ಟಲೆ ದುಡಿಮೆ ಬೇಕಾಗುತ್ತಿತ್ತು. 1949ರಲ್ಲಿ ಸ್ಥಾಪನೆಯಾದ ರೂಗರ್ ಕಂಪನಿ ಇದರ ಬದಲಿಗೆ ಮೇಣದ ಪ್ರತಿಕೃತಿಯ ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಪೊಳ್ಳಿಗೆ ಉಕ್ಕನ್ನು ಎರೆಯುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. ಪಂಚಲೋಹದ ಉತ್ಸವಮೂರ್ತಿಗಳನ್ನು ಎರೆಯುವ ಶಿಲ್ಪಿಗಳು ಅನುಸರಿಸುವುದೂ ಇದೇ ತತ್ವವನ್ನು. ಹೀಗೆ ಎರೆದ ರೂಗರ್ ರಿವಾಲ್ವರುಗಳು ಬಾಳಿಕೆಗೆ ಹೆಸರಾದವು, ಬೆಲೆಯಲ್ಲಿ ಪ್ರತಿಸ್ಪರ್ಧಿಗಳಿಗಿಂತ ಕೆಳಗೂ ಇದ್ದವು. ಲೋಹದ ಪುಡಿಯನ್ನು ಅಂಟಿನೊಡನೆ ಕಲಸಿ ಅಚ್ಚಿಗೆ ಒತ್ತಿ, ಬಳಿಕ ಕಾಯಿಸಿ ಗಟ್ಟಿಗೊಳಿಸುವ ಎಂಐಎಂ ಎಂಬ ಕ್ರಮದಲ್ಲಿ ಇಂದು ಹ್ಯಾಮರ್, ಟ್ರಿಗರ್‌ನಂತಹ ಒಳಭಾಗಗಳು ತಯಾರಾಗುತ್ತವೆ, ಹೆಸರುವಾಸಿ ಕಂಪನಿಗಳ ದುಬಾರಿ ಮಾದರಿಗಳಲ್ಲಿಯೂ ಅವು ಇವೆ. ಅವನ್ನು ಕಂಡು ಹಿಂಜರಿಯಲು ಕಾರಣವಿಲ್ಲ. ಮೈಮೇಲಿನ ಮೆರುಗು ಒರಟಾಗಿದೆ, ಹಿಡಿ ಮರದ ಬದಲು ರಬ್ಬರಿನದಾಗಿದೆ, ಗುರಿಹಲ್ಲನ್ನು ಸರಿಹೊಂದಿಸಲು ಬರುವುದಿಲ್ಲ ಎಂಬಂತಹ ಕೊರತೆಗಳನ್ನೂ ಬಡ ಕೊಳ್ಳುಗರು ಧೈರ್ಯವಾಗಿ ಒಪ್ಪಿಕೊಳ್ಳಬಹುದು.

ಚೌಕಟ್ಟಿನ ಲೋಹವನ್ನು ಬಿಟ್ಟರೆ ಒಪ್ಪಿಕೊಳ್ಳಬಾರದ ಉಳಿತಾಯ ಒಂದೇ: ಹೊಂದಾಣಿಕೆಯದು. ರಿವಾಲ್ವರಿನಲ್ಲಿ ಗುಂಡು ಹೊರಡುವುದು ಉರುಳೆಯ ಕುಳಿಯಿಂದ, ಅದು ಹಾರಿ ಪ್ರವೇಶಿಸಬೇಕಾದದ್ದು ಬೇರೆಯೇ ಅಂಗವಾದ ನಳಿಗೆಯನ್ನು. ಟ್ರಿಗರ್ ಒತ್ತಿದಾಗ ಉರುಳೆ ಒಂದು ಕುಳಿಯಷ್ಟು ತಿರುಗಿ, ಕಾಡತೂಸಿಗೆ ಬಡಿಯುವ ಹ್ಯಾಮರ್ ಬೀಳುವ ಮುನ್ನವೇ ಉರುಳೆಯನ್ನು ಹಿಡಿದು ನಿಲ್ಲಿಸುವ ಚಿಲಕ ಬಿದ್ದು, ಕುಳಿ ಮತ್ತು ನಳಿಗೆ ಒಂದೇ ಗೆರೆಗೆ ಬಂದು ನಿಲ್ಲಬೇಕು. ಈ ಲಯಕ್ಕೆ ‘ಟೈಮಿಂಗ್’ ಎಂದು ಹೆಸರು. ಅದು ತಪ್ಪಿದಾಗ ನಳಿಗೆಯ ಅಂಚಿಗೆ ತಾಗಿದ ಗುಂಡಿನಿಂದ ಸೀಸದ ಚೂರುಗಳು ಕತ್ತರಿಸಿ ಪಕ್ಕಕ್ಕೆ ಸಿಡಿಯುತ್ತವೆ, ನಿಖರತೆ ಹಾಳಾಗುತ್ತದೆ, ಅಕ್ಕಪಕ್ಕ ನಿಂತವರಿಗೂ ಗಾಯವಾಗುವ ಸಂಭವವಿರುತ್ತದೆ. ಈ ಹೊಂದಾಣಿಕೆಯನ್ನು ಸಾಧಿಸಲು ಕೆಲಸಗಾರರು ಬಿಡಿಭಾಗಗಳನ್ನು ಅರದಿಂದ ತೀಡಿ ಕೂಡಿಸಬೇಕಾಗುತ್ತದೆ, ಪ್ರತಿಯೊಂದನ್ನೂ ಪರೀಕ್ಷಿಸಬೇಕಾಗುತ್ತದೆ. ಅಗ್ಗದ ತಯಾರಿಕೆಯಲ್ಲಿ ಮೊದಲು ಕಡಿತಕ್ಕೆ ಒಳಗಾಗುವುದು ಈ ಕೆಲಸಕ್ಕೆ ಬೇಕಾದ ಸಮಯವೇ.

ಹೊಸದನ್ನೇ ಕೊಳ್ಳಬೇಕೆಂದರೆ 400 ಡಾಲರಿನ ಒಳಗೆ ಸಿಗುವ ಹೆಸರುಗಳು ಕೆಲವೇ. ಬ್ರೆಜಿಲಿನಲ್ಲಿ 1939ರಲ್ಲಿ ಆರಂಭವಾದ ಟಾರಸ್ ಕಂಪನಿಯ 856 ಮಾದರಿ .38 ಸ್ಪೆಷಲ್ ಅಳತೆಯ ಆರು ಕಾಡತೂಸು ಹಿಡಿಸುವ ಪುಟ್ಟ ರಿವಾಲ್ವರ್. ಫಿಲಿಪ್ಪೀನ್ಸಿನ ಆರ್ಮ್ಸ್‌ಕೋರ್ ಕಂಪನಿ ರಾಕ್ ಐಲೆಂಡ್ ಹೆಸರಿನಲ್ಲಿ ಮಾರುವ ಎಂ200 ಅದೇ ಅಳತೆಯ, ನಾಲ್ಕು ಅಂಗುಲ ನಳಿಗೆಯ, ನೋಡಲು ಒರಟಾದ ಆದರೆ ಉಕ್ಕಿನ ಆಯುಧ. 1964ರಲ್ಲಿ ಕನೆಕ್ಟಿಕಟ್‌ನಲ್ಲಿ ಸ್ಥಾಪನೆಯಾದ ಚಾರ್ಟರ್ ಆರ್ಮ್ಸ್‌ನ ಅಂಡರ್‌ಕವರ್ ಐದು ಕಾಡತೂಸಿನದು, ತೂಕ ಅರ್ಧ ಕಿಲೋಗ್ರಾಮಿಗಿಂತ ಕಡಿಮೆ. ಈ ದರ್ಜೆಯಲ್ಲಿ ಒಂದೇ ಮಾದರಿಯ ಎರಡು ಆಯುಧಗಳ ನಡುವೆಯೂ ಹೊಂದಾಣಿಕೆ ಬೇರೆಯಾಗಿರಬಹುದಾದ್ದರಿಂದ, ಹೆಸರನ್ನು ನೋಡಿ ಅಂತರ್ಜಾಲದಲ್ಲಿ ಹಣ ಕಟ್ಟುವುದಕ್ಕಿಂತ ಅಂಗಡಿಯಲ್ಲಿ ಅದೇ ಆಯುಧವನ್ನು ಕೈಗೆತ್ತಿಕೊಂಡು ಪರೀಕ್ಷಿಸುವುದು ಮೇಲು.

ಆದರೆ ಇದೇ ಹಣಕ್ಕೆ ಇವೆಲ್ಲಕ್ಕಿಂತ ಉತ್ತಮವಾದುದು ಬಹುಪಾಲು ಸಂದರ್ಭಗಳಲ್ಲಿ ಬಳಸಿದ ಆಯುಧಗಳ ಕಪಾಟಿನಲ್ಲಿ ದೊರೆಯುತ್ತದೆ. ಸ್ಮಿತ್ ಅಂಡ್ ವೆಸನ್ 1899ರಲ್ಲಿ ‘ಮಿಲಿಟರಿ ಅಂಡ್ ಪೊಲೀಸ್’ ಎಂಬ ಹೆಸರಿನಲ್ಲಿ ಹೊರತಂದು, 1957ರಿಂದ ಮಾಡೆಲ್ 10 ಎಂದು ಕರೆದ .38 ಸ್ಪೆಷಲ್ ರಿವಾಲ್ವರ್ ಅರುವತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ, ದಶಕಗಳ ಕಾಲ ಅಮೆರಿಕದ ಪೊಲೀಸರ ಸೊಂಟದಲ್ಲಿ ಇದ್ದುದು ಅದು. 1980 ಮತ್ತು 1990ರ ದಶಕಗಳಲ್ಲಿ ಪೊಲೀಸ್ ಇಲಾಖೆಗಳು ಒಂದರ ಹಿಂದೆ ಒಂದರಂತೆ ಅರೆಸ್ವಯಂಚಾಲಿತ ಪಿಸ್ತೂಲುಗಳಿಗೆ ಬದಲಾದಾಗ ಮಾಡೆಲ್ 10, ಅದರ ತುಕ್ಕುನಿರೋಧಕ ಉಕ್ಕಿನ ರೂಪವಾದ ಮಾಡೆಲ್ 64, ರೂಗರ್‌ನ ಸರ್ವಿಸ್ ಸಿಕ್ಸ್ ಮೊದಲಾದವು ರಾಶಿರಾಶಿಯಾಗಿ ಸಗಟು ವ್ಯಾಪಾರಿಗಳ ಕೈಸೇರಿದವು. ಇವುಗಳ ವಿಶೇಷವೆಂದರೆ, ತೊಗಲಿನ ಚೀಲಕ್ಕೆ ವರ್ಷಗಟ್ಟಲೆ ಉಜ್ಜಿ ನಳಿಗೆಯ ತುದಿಯ ಕಪ್ಪುನೀಲಿ ಲೇಪ ಸವೆದಿರುತ್ತದೆ, ಹಿಡಿಯ ಮರ ಕಾರಿನ ಬಾಗಿಲಿಗೆ ಬಡಿದು ನೆಗ್ಗಿರುತ್ತದೆ, ಆದರೆ ಒಳಗಿನ ಯಂತ್ರ ಅಷ್ಟಾಗಿ ದುಡಿದಿರುವುದಿಲ್ಲ. ಸಾಮಾನ್ಯ ಪೊಲೀಸ್ ಸಿಬ್ಬಂದಿ ಅದನ್ನು ಪ್ರತಿದಿನ ಹೊತ್ತರು, ಗುಂಡು ಹಾರಿಸಿದ್ದು ಬಹುತೇಕ ಇಲಾಖೆಯ ಅರ್ಹತಾ ಪರೀಕ್ಷೆಗಳಲ್ಲಿ ಮಾತ್ರ. ಸಂಗ್ರಾಹಕರಿಗೆ ಮೈಬಣ್ಣ ಮುಖ್ಯವಾದ್ದರಿಂದ ಮಾರುಕಟ್ಟೆ ಈ ಸವೆತಕ್ಕೆ ಬೆಲೆಯನ್ನು ಇಳಿಸುತ್ತದೆ, ಆ ಇಳಿಕೆ ಬಳಸುವವರ ಪಾಲಿಗೆ ನೇರ ಲಾಭ. ಕೈಯಿಂದ ತೀಡಿ ಹೊಂದಿಸಿದ ಕಾಲದ ಯಂತ್ರ ಒರಟು ಹೊಸ ಆಯುಧದ ಬೆಲೆಗೇ ಸಿಗುವ ಅಪರೂಪದ ಅವಕಾಶವಿದು.

ಬಳಸಿದ್ದನ್ನು ಕೊಳ್ಳುವವರು ಮಾಡಬೇಕಾದ ಪರೀಕ್ಷೆ ಕೆಲವೇ ನಿಮಿಷಗಳದು. ಆಯುಧ ಕೈಗೆ ಬಂದೊಡನೆ ನಳಿಗೆಯನ್ನು ಯಾರ ಕಡೆಗೂ ತಿರುಗಿಸದೆ ಉರುಳೆಯನ್ನು ಹೊರಕ್ಕೆ ತೆರೆದು, ಎಲ್ಲ ಕುಳಿಗಳೂ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು, ಮುಂದಿನ ಪರೀಕ್ಷೆಗೆ ಅಂಗಡಿಯವರ ಅನುಮತಿ ಕೇಳಬೇಕು. ಬಳಿಕ ಉರುಳೆಯನ್ನು ಮುಚ್ಚಿ, ಅದರ ಮೈಗೆ ಒಂದು ಬೆರಳನ್ನು ಹಗುರವಾಗಿ ತಾಗಿಸಿ ಸ್ವಲ್ಪ ತಡೆಯುತ್ತ, ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಹೊತ್ತಿಗೆ ಉರುಳೆಯ ಚಿಲಕ ‘ಟಕ್’ ಎಂದು ಬಿದ್ದಿರಬೇಕು. ಆರು ಕುಳಿಗಳಲ್ಲಿ ಐದು ಸರಿಯಿದ್ದು ಒಂದು ತಡವಾದರೂ ಟೈಮಿಂಗ್ ಸವೆದಿದೆ ಎಂದೇ ಅರ್ಥವಾದ್ದರಿಂದ, ಒಂದೊಂದು ಕುಳಿಯನ್ನೂ ಪ್ರತ್ಯೇಕವಾಗಿ ನೋಡುವುದು ಅಗತ್ಯ. ಎಳೆದು ನಿಲ್ಲಿಸಿದ ಹ್ಯಾಮರನ್ನು ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದಾಗ ಅದು ಜಾರಿಬಿದ್ದರೆ ಆಯುಧವನ್ನು ಅಲ್ಲಿಯೇ ಹಿಂದಿರುಗಿಸಬೇಕು, ಏಕೆಂದರೆ ಆಗ ಕೆಟ್ಟಿರುವುದು ಗುಂಡು ತಾನಾಗಿ ಹಾರದಂತೆ ತಡೆಯುವ ಕೊಂಡಿಯೇ. ಟ್ರಿಗರನ್ನು ಪೂರ್ತಿ ಹಿಂದಕ್ಕೆ ಹಿಡಿದಿರುವಾಗ ಉರುಳೆ ಅಕ್ಕಪಕ್ಕ ಕೂದಲೆಳೆಯಷ್ಟು ಅಲುಗಬಹುದು. ಹಿಂದೆ ಮುಂದೆ ಮಾತ್ರ ಕಣ್ಣಿಗೆ ಕಾಣುವಷ್ಟು ಅಲುಗಬಾರದು. ಉರುಳೆಯ ಮುಖಕ್ಕೂ ನಳಿಗೆಯ ಹಿಂತುದಿಗೂ ನಡುವಿನ ಸಂದು 0.10ರಿಂದ 0.25 ಮಿಲಿಮೀಟರ್ ಇರುವುದು ವಾಡಿಕೆ, ಮೋಟಾರು ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜ್ ಎಂಬ ತೆಳು ತಗಡುಗಳಿಂದಲೇ ಅದನ್ನು ಅಳೆಯಬಹುದು. ಸಂದು ಇದಕ್ಕಿಂತ ಅಗಲವಾದಷ್ಟೂ ಬಿಸಿ ಅನಿಲ ಪಕ್ಕಕ್ಕೆ ಸೋರುತ್ತದೆ. ಸಂದು ಸರಿಯಿದ್ದಾಗಲೂ ಈ ಅನಿಲ ಸುಡುವಷ್ಟು ಬಿಸಿಯಿರುವುದರಿಂದ, ಯಾವ ರಿವಾಲ್ವರಿನಲ್ಲಿಯೂ ಬೆರಳು ಉರುಳೆಗಿಂತ ಮುಂದೆ ಚಾಚಬಾರದು.

ಇನ್ನುಳಿದದ್ದು ಕಣ್ಣಿನ ಕೆಲಸ. ನಳಿಗೆಯ ಒಳಗೆ ಬೆಳಕು ಹಾಯಿಸಿದಾಗ ನಡುವೆ ಕಪ್ಪು ಉಂಗುರದಂತಹ ಛಾಯೆ ಕಂಡರೆ, ಹಿಂದೊಮ್ಮೆ ಅರ್ಧದಲ್ಲಿ ಸಿಕ್ಕಿಕೊಂಡ ಗುಂಡಿನ ಹಿಂದೆ ಮತ್ತೊಂದನ್ನು ಹಾರಿಸಿದ್ದರಿಂದ ನಳಿಗೆ ಉಬ್ಬಿದೆ ಎಂದು ತಿಳಿಯಬೇಕು. ಗುಂಡು ನಳಿಗೆಯನ್ನು ಪ್ರವೇಶಿಸುವ ಕೊಳವೆಬಾಯಿಯ ಕೆಳ ಅಂಚಿನಲ್ಲಿ ಬಿರುಕಿದೆಯೇ ಎಂದು ನೋಡುವುದು .357 ಮ್ಯಾಗ್ನಮ್ ಅಳತೆಯ ಹಳೆಯ ಮಾದರಿಗಳಲ್ಲಿ ವಿಶೇಷವಾಗಿ ಮುಖ್ಯ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಮನೆಯಲ್ಲಿ ಯಾರೋ ಒಳಭಾಗಗಳನ್ನು ಬಿಚ್ಚಿ ತೀಡಿದ್ದಾರೆ ಎಂಬ ಸಂಶಯಕ್ಕೆ ಎಡೆಯಿದೆ. ಚಲನಚಿತ್ರಗಳಲ್ಲಿ ಕಾಣುವಂತೆ ಮಣಿಕಟ್ಟನ್ನು ಒದರಿ ಉರುಳೆಯನ್ನು ಬಡಿದು ಮುಚ್ಚುವ ಚಟದಿಂದ ಅದನ್ನು ಹಿಡಿದಿರುವ ತೋಳು ಬಾಗುತ್ತದೆ; ತೆರೆದ ಉರುಳೆಯನ್ನು ಮೆಲ್ಲಗೆ ಸುತ್ತಿಸಿದಾಗ ಓಲಾಡಿದರೆ ಆ ಹಾನಿ ಗೊತ್ತಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ, ಮಧ್ಯದಲ್ಲಿ ಮುರಿದು ತೆರೆಯುವ ಅಗ್ಗದ ರಿವಾಲ್ವರುಗಳು ಅಜ್ಜನ ಪೆಟ್ಟಿಗೆಯಿಂದ ಹೊರಬಂದು ನೂರು ಡಾಲರಿಗೆ ಸಿಕ್ಕರೂ ಬಳಕೆಗೆ ಕೊಳ್ಳುವಂತಹವಲ್ಲ: ಅವುಗಳಲ್ಲಿ ಹಲವು ಕಡಿಮೆ ಒತ್ತಡದ ಕರಿಮದ್ದಿಗೆ ತಯಾರಾದವು, ಕೈಜಾರಿ ಬಿದ್ದಾಗ ಹ್ಯಾಮರ್ ಕಾಡತೂಸಿಗೆ ತಗುಲದಂತೆ ತಡೆಯುವ ಅಡ್ಡಪಟ್ಟಿ ಹಲವುಗಳಲ್ಲಿ ಇಲ್ಲ.

ಅಳತೆಯ ಆಯ್ಕೆ ಬೆಲೆಯ ಲೆಕ್ಕವನ್ನೇ ಬದಲಿಸುತ್ತದೆ. .38 ಸ್ಪೆಷಲ್ 1898ರದು, .357 ಮ್ಯಾಗ್ನಮ್ 1935ರದು. ಎರಡರ ಗುಂಡಿನ ವ್ಯಾಸ ಒಂದೇ, ಮ್ಯಾಗ್ನಮ್‌ನ ಕೊಳವೆ ಮಾತ್ರ ತುಸು ಉದ್ದ. ಆದ್ದರಿಂದ .357ರ ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, .38ರಲ್ಲಿ .357 ಹಿಡಿಸುವುದಿಲ್ಲ. ಈ ಅನುಕೂಲವನ್ನು ಮುಂದಿಟ್ಟು ಮಾರಾಟಗಾರರು ದುಬಾರಿ ಮ್ಯಾಗ್ನಮ್ ಮಾದರಿಯ ಕಡೆಗೆ ಒಲಿಸುವುದುಂಟು, ಆದರೆ ಕಾಡಿನ ಕರಡಿಯ ಭಯವಿಲ್ಲದ ಸಾಮಾನ್ಯ ಮನೆಗೆ .38 ಸಾಕು. ಅರ್ಧ ಕಿಲೋದ ಕಿರು ರಿವಾಲ್ವರ್ ಜೇಬಿಗೆ ಹಗುರ, ಕೈಗೆ ಕಠಿಣ. ಹಿಂದೊದೆತವನ್ನು ಹೀರಿಕೊಳ್ಳುವುದು ಆಯುಧದ ತೂಕವೇ ಆದ್ದರಿಂದ, ಹಗುರಾದಷ್ಟೂ ಅದು ಅಂಗೈಗೆ ಬಡಿಯುತ್ತದೆ, ಹೀಗೆ ನೋವುಂಡವರು ಅಭ್ಯಾಸವನ್ನೇ ಬಿಡುತ್ತಾರೆ. ಮನೆಯಲ್ಲಿ ಇಡುವವರಿಗೆ ಸುಮಾರು 900 ಗ್ರಾಮಿನ, ನಾಲ್ಕು ಅಂಗುಲ ನಳಿಗೆಯ ಉಕ್ಕಿನ ಆಯುಧ ಎಲ್ಲ ಬಗೆಯಲ್ಲಿಯೂ ಮಿಗಿಲು. ಐವತ್ತು .38 ಕಾಡತೂಸಿನ ಒಂದು ಪೆಟ್ಟಿಗೆಗೆ 25ರಿಂದ 35 ಡಾಲರ್ ತೆರಬೇಕಾದೀತು. ಐನೂರು ಗುಂಡುಗಳ ಅಭ್ಯಾಸವೆಂದರೆ ಆಯುಧದ ಬೆಲೆಯಷ್ಟೇ ಹಣ. ಪೊಳ್ಳು ಕಾಡತೂಸುಗಳನ್ನು ತುಂಬಿ ಖಾಲಿ ಟ್ರಿಗರ್ ಎಳೆಯುವ ಅಭ್ಯಾಸಕ್ಕೆ ಮಾತ್ರ ಖರ್ಚೇ ಇಲ್ಲ, ಸುಮಾರು ಐದು ಕಿಲೋದಷ್ಟು ಭಾರವಾದ ಡಬಲ್ ಆ್ಯಕ್ಷನ್ ಎಳೆತಕ್ಕೆ, ಅಂದರೆ ಒಂದೇ ಎಳೆತದಲ್ಲಿ ಉರುಳೆ ತಿರುಗಿ ಹ್ಯಾಮರ್ ಎದ್ದು ಬೀಳುವ ಕ್ರಮಕ್ಕೆ, ಬೆರಳು ಪಳಗುವುದು ಹಾಗೆಯೇ.

ಬೆಲೆಪಟ್ಟಿಯಲ್ಲಿ ಕಾಣದ ಆದರೆ ಮೊದಲೇ ತೆಗೆದಿಡಬೇಕಾದ ಹಣ ಬೀಗದ ಪೆಟ್ಟಿಗೆಯದು. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು; ಕಳ್ಳನಿಗೆಂದು ತಂದ ಆಯುಧ ಮನೆಯವರ ಒಂದು ಕತ್ತಲ ಗಳಿಗೆಯಲ್ಲಿ ಕೈಗೆಟುಕುವಂತಿದ್ದರೆ, ಅಥವಾ ಮಗುವಿನ ಕುತೂಹಲಕ್ಕೆ ಸಿಕ್ಕರೆ, ಆಗುವ ಅನಾಹುತಕ್ಕೆ ಪರಿಹಾರವೇ ಇಲ್ಲ. ಪರವಾನಗಿ ಪಡೆದ ವ್ಯಾಪಾರಿ ಕೈಬಂದೂಕಿನೊಡನೆ ಬೀಗ ಅಥವಾ ಅಂತಹ ಸಾಧನವನ್ನು ಕೊಡಬೇಕೆಂದು 2005ರ ಫೆಡರಲ್ ಕಾನೂನು ಹೇಳುತ್ತದೆ, ಆದರೆ ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ರಕ್ಷಣೆ ಇಲ್ಲ. 450 ಡಾಲರಿನ ಒಟ್ಟು ಹಣದಲ್ಲಿ 300ಕ್ಕೆ ಆಯುಧ, ಉಳಿದದ್ದು ಪೆಟ್ಟಿಗೆ, ತರಬೇತಿ ಮತ್ತು ಕಾಡತೂಸಿಗೆ ಎಂಬ ಹಂಚಿಕೆ ಇಡೀ ಹಣವನ್ನು ಆಯುಧಕ್ಕೇ ಸುರಿಯುವುದಕ್ಕಿಂತ ಎಷ್ಟೋ ಪಾಲು ವಿವೇಕದ್ದು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಬೆಲೆಗಿಂತ ಮೊದಲು ನೋಡಬೇಕಾದದ್ದು ತಮ್ಮ ವೀಸಾವನ್ನು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ; ಗ್ರೀನ್ ಕಾರ್ಡ್ ಪಡೆದವರಿಗೆ ಈ ಅಡ್ಡಿಯಿಲ್ಲ. ವ್ಯಾಪಾರಿಯ ಬಳಿ ತುಂಬಬೇಕಾದ 4473 ಸಂಖ್ಯೆಯ ನಮೂನೆಯಲ್ಲಿ ಇದನ್ನು ನೇರವಾಗಿಯೇ ಕೇಳಲಾಗುತ್ತದೆ, ಸುಳ್ಳು ಹೇಳುವುದು ಅಪರಾಧ.

ಭಾರತದಲ್ಲಿ ಕಡಿಮೆ ಹಣಕ್ಕೆ ಆಯ್ದುಕೊಳ್ಳುವ ಅವಕಾಶವೇ ಕಿರಿದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಕಡ್ಡಾಯ, 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಸೇರಿಸಿವೆ. ಸೈನ್ಯ ಬಳಸುವ ಅಳತೆಗಳನ್ನು ನಾಗರಿಕರಿಗೆ ಕೊಡದ ವಸಾಹತು ಕಾಲದ ನೀತಿಯ ಮುಂದುವರಿಕೆಯಾಗಿ .38 ‘ನಿಷೇಧಿತ ಬೋರ್’ ಪಟ್ಟಿಯಲ್ಲಿದ್ದು, ರಿವಾಲ್ವರ್ ಎಂದರೆ ಬಹುತೇಕ .32 ಎಂಬಂತಾಗಿದೆ. 1980ರ ದಶಕದ ಮಧ್ಯಭಾಗದಿಂದ ಖಾಸಗಿ ಆಮದು ನಿಂತುಹೋದ ಕಾರಣ ಹಳೆಯ ವಿದೇಶಿ ರಿವಾಲ್ವರುಗಳ ಬೆಲೆ ಲಕ್ಷಗಳಿಗೆ ಏರಿತು, ಅಮೆರಿಕದಲ್ಲಿ ಬಡವರ ಆಶ್ರಯವಾದ ಬಳಸಿದ ಆಯುಧ ಇಲ್ಲಿ ಸಿರಿವಂತರ ಸ್ವತ್ತಾಯಿತು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರ ರಕ್ಷಣೆಗೆಂದು ಹೊರತಂದ, ಟೈಟಾನಿಯಂ ಮಿಶ್ರಲೋಹದ, ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರಿಗೂ ಸುಮಾರು 1.22 ಲಕ್ಷ ರೂಪಾಯಿ ಬೆಲೆಯಿತ್ತು. ಬಸ್ಸಿನಲ್ಲಿ ಓಡಾಡುವ ದುಡಿಯುವ ಹೆಣ್ಣುಮಗಳಿಗೆ ಅದು ಎಟುಕುವ ಮಾತಾಗಿರಲಿಲ್ಲ. 2023ರಲ್ಲಿ ಬಂದ ‘ಪ್ರಬಲ್’ ಉರುಳೆಯನ್ನು ಪಕ್ಕಕ್ಕೆ ತೆರೆಯುವ ಮೊದಲ ಭಾರತೀಯ ರಿವಾಲ್ವರ್ ಎಂದು ಹೆಸರಾಯಿತು, ಬ್ರೆಜಿಲಿನ ಟಾರಸ್ ಕಂಪನಿ ಜಿಂದಾಲ್ ಸಮೂಹದೊಡನೆ ಹರಿಯಾಣದ ಹಿಸಾರ್‌ನಲ್ಲಿ ಕಾರ್ಖಾನೆ ತೆರೆದಿದೆ. ತಯಾರಕರ ಸಂಖ್ಯೆ ಹೆಚ್ಚಿದಂತೆ ಬೆಲೆ ಇಳಿಯಲಿ ಬಿಡಲಿ, ಭಾರತದ ಪರವಾನಗಿದಾರರಿಗೂ ಟೈಮಿಂಗ್, ಚಿಲಕ, ಸಂದುಗಳ ಪರೀಕ್ಷೆ ಮೇಲೆ ಹೇಳಿದ್ದೇ. ಹೊಸದನ್ನು ಕಾರ್ಖಾನೆಯ ಮಾರಾಟ ಕೌಂಟರಿನಲ್ಲಿ ಪಡೆಯುವಾಗಲೂ ಆ ಕೆಲವು ನಿಮಿಷಗಳನ್ನು ಕೇಳಿ ಪಡೆದುಕೊಳ್ಳುವುದು ತಪ್ಪಲ್ಲ.